ಬೀಗದಕೈ ಇದ್ದವರಿಗೆ

ದೇರಾ, ದುಬಾಯಿ
17 ಜನವರಿ 2003, ಶುಕ್ರವಾರ

ಪ್ರೀತಿಯ ಮಗಳು ಶಾಹಿನಳಿಗೆ, ಅಸ್ಸಲಾಮು ಅಲೈಕುಂ.

ನಿನ್ನ ಕಾಗದ ಬಂತು. ಫೋನ್ ಮಾಡಿದರೆ ನಿನ್ನ ಉಮ್ಮ ನೆರೆಕರೆಯ ಸುದ್ದಿ ಹೇಳಿ ಮುಗಿಸುವಷ್ಟರಲ್ಲಿ ಕಾರ್ಡು ಖಾಲಿಯಾಗಿರುತ್ತದೆ. ಹಾಗಾಗಿ ನಮ್ಮಿಬ್ಬರಿಗೆ ಕಾಗದವೇ ಗತಿ.

"ಬಾಪಾ, ನೀವು ಆಫೀಸಿನಲ್ಲಿ ನಿಜವಾಗಿ ಎಂತ ಮಾಡುವುದು?" ಎಂದು ಕೇಳಿದ್ದೀ. ನಾನು ಇಲ್ಲಿಗೆ ಬಂದು ಹದಿನಾರು ವರ್ಷವಾಯಿತು, ಮನೆಯಲ್ಲಿ ಯಾರೂ ಈ ಪ್ರಶ್ನೆ ಕೇಳಿರಲಿಲ್ಲ. ಎಲ್‌ಎಲ್‌ಬಿ ಕೊನೆಯ ವರ್ಷಕ್ಕೆ ಬಂದವಳಲ್ಲವೇ, ಅಡ್ಡಪ್ರಶ್ನೆ ಮನೆಯಿಂದಲೇ ಶುರು ಮಾಡಿದ್ದೀ.

ನಮ್ಮದು ಕಟ್ಟಡದ ಗುತ್ತಿಗೆ ಕಂಪೆನಿ. ನಾನು ವೀಸಾ, ಲೇಬರ್ ಕಾರ್ಡುಗಳ ಕಾಗದ ನೋಡಿಕೊಳ್ಳುವ ಗುಮಾಸ್ತ. ನನ್ನ ಕುರ್ಚಿಯ ಹಿಂದೆ ಒಂದು ಬೂದು ಬಣ್ಣದ ಕಬ್ಬಿಣದ ಕಪಾಟು ಇದೆ. ಅದರೊಳಗೆ ಇನ್ನೂರ ಹನ್ನೆರಡು ಪಾಸ್‌ಪೋರ್ಟ್. ಬೀಗದಕೈ ನನ್ನ ಸೊಂಟದಲ್ಲಿ. ಇಲ್ಲಿ ಎಲ್ಲ ಕಂಪೆನಿಯಲ್ಲೂ ಹಾಗೆಯೇ. ಕಳೆದ ವರ್ಷ, ಕೆಲಸಗಾರರ ಪಾಸ್‌ಪೋರ್ಟ್ ಇಟ್ಟುಕೊಳ್ಳಬಾರದು ಎಂದು ಸರಕಾರದಿಂದ ಸುತ್ತೋಲೆ ಬಂದಾಗ ಮ್ಯಾನೇಜರ್ ಎರಡು ದಿನ ಸರಿಯಾಗಿ ಊಟ ಮಾಡಲಿಲ್ಲ. ಮೂರನೆಯ ದಿನ ನಾನೇ ಒಂದು ಫಾರಂ ಬರೆದುಕೊಟ್ಟೆ. "ನನ್ನ ಸ್ವಂತ ಇಚ್ಛೆಯಿಂದ, ಭದ್ರತೆಗಾಗಿ, ನನ್ನ ಪಾಸ್‌ಪೋರ್ಟನ್ನು ಕಂಪೆನಿಯಲ್ಲಿ ಇಟ್ಟಿದ್ದೇನೆ." ಎಲ್ಲರೂ ಸಹಿ ಹಾಕಿದರು. ಯಾರಿಗೂ ಅಳುಕು ಬೇಡ ಎಂದು ಮೊದಲ ಫಾರಂಗೆ ನಾನೇ ಸಹಿ ಹಾಕಿದೆ. "ನೀವು ಲಾಯರ್ ಆಗಬೇಕಿತ್ತು ಮಾರಾಯ್ರೆ" ಎಂದು ನಮ್ಮ ರಿಸೆಪ್ಶನಿನ ಪ್ಯಾಟ್ರಿಶಿಯಾ ನಕ್ಕಳು. ಆ ಕೆಲಸಕ್ಕೆ ಮಗಳಿದ್ದಾಳೆ ಎಂದೆ.

ಆಗಸ್ಟಿನಲ್ಲಿ ನೀನು ಕಪ್ಪು ಕೋಟು ಹಾಕುವ ದಿನ ನಾನು ಬಂದೇ ಬರುತ್ತೇನೆ. ಇನ್ಶಾ ಅಲ್ಲಾಹ್.

ನಿನ್ನ ಬಾಪ

---

ಬಂದರು, ಮಂಗಳೂರು
2 ಫೆಬ್ರವರಿ 2003

ಪ್ರೀತಿಯ ಬಾಪಾ, ಸಲಾಂ.

ನಿಮ್ಮ ಕಪಾಟಿನ ಕತೆ ಓದಿ ನಗು ಬಂತು. ನಿಮ್ಮಂಥವರು ಎದುರು ಕೂತರೆ ನನ್ನ ಗತಿ ಏನು? ಆದರೂ ನಿಮ್ಮ ಕಂಪೆನಿ ಪರವಾಗಿಲ್ಲ, ಇಷ್ಟ ಕೇಳಿ ಇಟ್ಟುಕೊಂಡಿದೆ.

ಸೆಮಿನಾರಿಗೆ, ವಕೀಲಿಕೆಯ ಜೊತೆ ನಮಗೆ ಪಾಠವನ್ನೂ ಮಾಡುವ ಚಂದ್ರಮತಿ ಮೇಡಂ ನನಗೆ ಕೊಟ್ಟ ವಿಷಯ ಕೇಳಿ: ಅಮೆರಿಕದ ಸಂವಿಧಾನದ ಹಕ್ಕುಗಳು ಅಲ್ಲಿನ ರಾಜ್ಯ ಸರಕಾರಗಳಿಗೆ ಅನ್ವಯಿಸಿದ್ದು ಹೇಗೆ? ಮೊದಲಿಗೆ ತಲೆಗೆ ಹೋಗಲಿಲ್ಲ. ಹಕ್ಕು ಎಂದ ಮೇಲೆ ಎಲ್ಲರ ಎದುರೂ ಹಕ್ಕೇ ಅಲ್ಲವೇ? ಅಲ್ಲವಂತೆ. 1833ರ ತೀರ್ಪು ಒಂದಿದೆ. ಬಾಲ್ಟಿಮೋರ್ ಎಂಬ ಊರಿನಲ್ಲಿ ಒಬ್ಬನ ಧಕ್ಕೆ ಇತ್ತು, ಹಡಗು ಬಂದು ನಿಲ್ಲುವ ಒಳ್ಳೆಯ ಆಳದ ಧಕ್ಕೆ. ನಗರದವರು ರಸ್ತೆ ಮಾಡುತ್ತೇವೆಂದು ತೊರೆಗಳ ದಾರಿ ತಿರುಗಿಸಿದರು. ಮಣ್ಣು ಬಂದು ಧಕ್ಕೆ ಹೂಳಿತು, ಹಡಗು ಬರುವುದು ನಿಂತಿತು. ಪರಿಹಾರ ಕೊಡದೆ ಯಾರ ಆಸ್ತಿಯನ್ನೂ ತೆಗೆದುಕೊಳ್ಳಬಾರದು ಎಂದು ಸಂವಿಧಾನದಲ್ಲೇ ಇದೆಯಲ್ಲ ಎಂದು ಅವನು ಕೋರ್ಟಿಗೆ ಹೋದ. ಇದೆ, ಆದರೆ ಆ ಮಾತು ಕೇಂದ್ರ ಸರಕಾರಕ್ಕೆ ಮಾತ್ರ, ನಿನ್ನ ರಾಜ್ಯಕ್ಕೂ ನಗರಕ್ಕೂ ಅಲ್ಲ ಎಂದಿತು ಕೋರ್ಟು. ಹೂಳು ಬಿದ್ದ ನಮ್ಮ ಧಕ್ಕೆಯಲ್ಲಿ ಸರಕಿನ ಮಂಜಿ ನಿಲ್ಲದೆ, ಮೂಟೆ ಹೊರುವ ಕೆಲಸ ಸಿಗದೆ ಅಜ್ಜ ಬರಿಗೈಲಿ ಮನೆಗೆ ಬರುತ್ತಿದ್ದರೆಂದು ನೀವು ಹೇಳಿದ್ದು ನೆನಪಾಯಿತು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಎಂದು ನಮ್ಮ ಶಾಲೆಯ ಮಾಷ್ಟ್ರು ಹೇಳುವುದಿತ್ತು. ಇದು ಅದೇ.

ನಮ್ಮ ಸಂವಿಧಾನ ಆ ತೊಂದರೆಗೇ ಹೋಗಲಿಲ್ಲ. ಕೇಂದ್ರ, ರಾಜ್ಯ, ಪಂಚಾಯತ್, ಎಲ್ಲರ ಎದುರೂ ಹಕ್ಕು ನಡೆಯುತ್ತದೆ ಎಂದು ಮೊದಲೇ ಬರೆದುಬಿಟ್ಟಿದ್ದಾರೆ.

ಈಗ ಒಂದು ಕೆಲಸ. ಹಿಂದಿನ ಓಣಿಗೆ ಹೊಸದಾಗಿ ಬಾಡಿಗೆಗೆ ಬಂದ ಬೀಫಾತಿಮ ಎಂಬವರು ಮೊನ್ನೆ ಬಂದಿದ್ದರು. ಅವರ ಗಂಡ ಮುಹಿಯುದ್ದೀನ್ ಅಬುಧಾಬಿಯಲ್ಲಿ ಟೈಲ್ಸ್ ಹಾಕುವ ಕೆಲಸದಲ್ಲಿದ್ದಾನೆ. ಮುಹಿಯುದ್ದೀನನ ಉಮ್ಮ ಬೀಯಮ್ಮನಿಗೆ ಹೊಟ್ಟೆಯ ಕ್ಯಾನ್ಸರ್, ಎರಡು ತಿಂಗಳು ಎಂದಿದ್ದಾರೆ ಡಾಕ್ಟ್ರು. ಒಬ್ಬನೇ ಮಗ. ಪಾಸ್‌ಪೋರ್ಟ್ ಕೊಡುತ್ತಿಲ್ಲ ಎಂದು ಅವನು ಫೋನಿನಲ್ಲಿ ಅತ್ತನಂತೆ. ಕಂಪೆನಿಯ ಹೆಸರು ಬೀಫಾತಿಮನಿಗೆ ಗೊತ್ತಿಲ್ಲ. ಬೀಯಮ್ಮ ದಿನಾ ಸಂಜೆ "ಬಾಗಿಲು ಹಾಕ್ಬೇಡ, ಮಗ ಬರ್ಲಿಕ್ಕುಂಟು" ಎನ್ನುತ್ತಾರೆ. ಅಲ್ಲಿ ಕೂತು ಪಾಸ್‌ಪೋರ್ಟ್ ಹಿಡಿದುಕೊಂಡವನಿಗೆ ತಾಯಿ ಎಂಬವಳು ಇರಲಿಲ್ಲವೋ ಏನೋ. ನಿಮಗೆ ಟೈಲ್ಸಿನವರ ಪರಿಚಯ ಇರಬಹುದು. ದಯಮಾಡಿ ವಿಚಾರಿಸಿ ಬಾಪಾ.

ನಿಮ್ಮ ಶಾಹಿನ

---

ದೇರಾ
14 ಫೆಬ್ರವರಿ 2003, ಶುಕ್ರವಾರ

ಪ್ರೀತಿಯ ಶಾಹಿನ, ಸಲಾಂ.

ನಿನ್ನ ಧಕ್ಕೆಯ ಕತೆ ಚೆನ್ನಾಗಿದೆ. ಪ್ಯಾಟ್ರಿಶಿಯಾಳಿಗೂ ಓದಿ ಹೇಳಿದೆ. ಪಾಪ ಅವನು ಎಂದಳು.

ನೀನು ಹೇಳಿದ ಮನುಷ್ಯನ ಬಗ್ಗೆ ವಿಚಾರಿಸಿದೆ. ಅವನ ಹೆಸರಿನಲ್ಲಿ ರಜೆಯ ಅರ್ಜಿ ದಾಖಲಾಗಿಲ್ಲವಂತೆ. ಇದಕ್ಕಿಂತ ಹೆಚ್ಚು ನನಗೆ ಗೊತ್ತಾಗಲಿಲ್ಲ. ಗಲ್ಫಿನಲ್ಲಿ ಇರುವವರ ಮಾತೆಲ್ಲ ನಿಜ ಎಂದುಕೊಳ್ಳಬೇಡ. ಊರಿಗೆ ಬರಲು ಮನಸ್ಸಿಲ್ಲದವರಿಗೆ ಕಾರಣ ಹುಡುಕುವುದು ಕಷ್ಟವಲ್ಲ. ಬೀಯಮ್ಮನವರಿಗೆ ಅಲ್ಲಾಹು ಆರಾಮ ಕೊಡಲಿ. ನೀನು ಪರೀಕ್ಷೆಯ ಕಡೆ ಗಮನ ಕೊಡು.

ನಿನ್ನ ಬಾಪ

---

ದೇರಾ
14 ಫೆಬ್ರವರಿ 2003, ಸಂಜೆ, ಅಸರ್ ನಮಾಜಿನ ನಂತರ
(ಇದನ್ನು ಅಂಚೆಗೆ ಹಾಕುವುದಿಲ್ಲ)

ಶಾಹಿನ,

ಬೆಳಗ್ಗೆ ಬರೆದದ್ದರಲ್ಲಿ ಸುಳ್ಳು ಒಂದೂ ಇಲ್ಲ. ಅರ್ಜಿ ದಾಖಲಾಗಿಲ್ಲ. ಯಾಕೆಂದರೆ ದಾಖಲು ಮಾಡಬೇಕಾದವನು ನಾನು, ನಾನು ಮಾಡಿಲ್ಲ.

ಮುಹಿಯುದ್ದೀನ್ ನಮ್ಮ ಕಂಪೆನಿಯವನು. ಖಲೀಫಾ ಸಿಟಿಯ ವಿಲ್ಲಾಗಳಿಗೆ ನೆಲ ಹಾಕುತ್ತಿದ್ದಾನೆ. ಜನವರಿ ಒಂಬತ್ತರಂದು ಅಬುಧಾಬಿಯಿಂದ ಎರಡು ಗಂಟೆ ಬಸ್ಸಿನಲ್ಲಿ ನಿಂತು ಬಂದು ಅರ್ಜಿ ಕೊಟ್ಟ. ಕಿವಿಯ ಸಂದಿಯಲ್ಲಿ ಟೈಲ್ಸಿಗೆ ಗೆರೆ ಹಾಕುವ ಪೆನ್ಸಿಲು. ಅದರಲ್ಲೇ ಬರೆದಿದ್ದ, ಕನ್ನಡದಲ್ಲಿ. ಊರಿನ ಬಾವ ನಾನು ಇಲ್ಲಿ ಎಲ್ಲರಿಗೂ ಬಾವಾಕ. "ಬಾವಾಕ, ಉಮ್ಮನಿಗೆ ಕಷ್ಟ ಉಂಟು, ಹದಿನೈದು ದಿನ ಸಾಕು" ಎಂದ. ಮ್ಯಾನೇಜರ್ ಬಾಗಿಲಲ್ಲೇ ನಿಂತು ಕೇಳಿಸಿಕೊಂಡರು. ವಿಲ್ಲಾ ಮುಗಿಯುವವರೆಗೆ ಯಾರೂ ಹೋಗುವ ಹಾಗಿಲ್ಲ, ಖಲಾಸ್, ಎಂದು ಒಳಗೆ ಹೋದರು. ನಾನು ಏನು ಮಾಡಿದೆ ಗೊತ್ತೇ? ಪೆನ್ಸಿಲಿನ ಅರ್ಜಿ ತೆಗೆದುಕೊಳ್ಳಲು ಆಗುವುದಿಲ್ಲ, ಪೆನ್ನಿನಲ್ಲಿ, ಇಂಗ್ಲಿಷಿನಲ್ಲಿ ಬೇಕು ಎಂದೆ. ಅವನಿಗೆ ಇಂಗ್ಲಿಷ್ ಬರುವುದಿಲ್ಲ. ಈ ಆಫೀಸಿನಲ್ಲಿ ಇಂಗ್ಲಿಷ್ ಅರ್ಜಿ ಬರೆದುಕೊಡುವವನು ನಾನೇ. ಅದೂ ಅವನಿಗೆ ಗೊತ್ತು. ಸ್ವಲ್ಪ ಹೊತ್ತು ನಿಂತ. ಬಸ್ಸಿಗೆ ಹೊತ್ತಾಯಿತೆಂದು ಹೋದ. ಅರ್ಜಿ ಮೇಜಿನ ಮೇಲೆಯೇ ಉಳಿಯಿತು, ಒಂದು ಫೈಲಿಗೆ ಹಾಕಿದೆ.

ನನಗೆ ಪಾಪ ಅನಿಸಿತು ಎಂದು ಬರೆಯಬೇಕು. ನಿಜ ಹೇಳಬೇಕೆಂದರೆ ಏನೂ ಅನಿಸಲಿಲ್ಲ. ಹದಿನಾರು ವರ್ಷ ಕಪಾಟಿನ ಮುಂದೆ ಕೂತರೆ ಹೀಗೆ ಆಗುತ್ತದೆಯೋ, ನಾನು ಮೊದಲಿನಿಂದಲೂ ಹೀಗೆಯೋ, ತಿಳಿಯದು. ನಿನ್ನ ಕಾಗದ ಬಂದ ಮೇಲೆ ಅವನ ಪಾಸ್‌ಪೋರ್ಟ್ ತೆಗೆದು ನೋಡಿದೆ. ಕೊನೆಯ ಪುಟದಲ್ಲಿ, ಇದು ಭಾರತ ಸರಕಾರದ ಸೊತ್ತು ಎಂದು ಅಚ್ಚಾಗಿದೆ. ಇಷ್ಟು ವರ್ಷ ಇಷ್ಟು ಪಾಸ್‌ಪೋರ್ಟ್ ಮುಟ್ಟಿದ್ದೇನೆ, ಆ ಸಾಲು ಓದಿರಲಿಲ್ಲ. ಓದಿ ಮತ್ತೆ ಒಳಗಿಟ್ಟು ಬೀಗ ಹಾಕಿದೆ.

---

ಬಂದರು
3 ಮಾರ್ಚ್ 2003

ಪ್ರೀತಿಯ ಬಾಪಾ,

ನಿಮ್ಮ ಕಾಗದ ಬಂದ ದಿನವೇ ಬೀಫಾತಿಮನ ಮನೆಗೆ ಹೋದೆ. ಅರ್ಜಿಯನ್ನೇ ಹಾಕಿಲ್ಲವಂತೆ ಎಂದೆ. ನನ್ನ ತಂದೆ ಅಲ್ಲೇ ಇರುವವರು, ಅವರು ವಿಚಾರಿಸಿದ್ದು ತಪ್ಪಾಗುವುದಿಲ್ಲ ಎಂದೂ ಸೇರಿಸಿದೆ. ಅವರು ಅಳಲಿಲ್ಲ. "ಹಾಗಾದ್ರೆ ಫೋನಲ್ಲಿ ಅತ್ತದ್ದು ಎಂತಕ್ಕೆ?" ಎಂದು ಮಾತ್ರ ಕೇಳಿದರು. ಒಳಗೆ ಮಲಗಿದ್ದ ಬೀಯಮ್ಮನಿಗೆ ಕೇಳಿಸಿತು. "ಯಾರು ಹೇಳಿದ್ದು?" ಎಂದರು. ಸುಳ್ಳು ಆಸೆಯಲ್ಲಿ ಅವರನ್ನು ಇಡಬಾರದೆಂದು ನಾನೇ ಹತ್ತಿರ ಕೂತು ಹೇಳಿದೆ. ಗೋಡೆಯ ಕಡೆ ತಿರುಗಿ ಮಲಗಿದರು. ಆ ಸಂಜೆ ಬಾಗಿಲ ಮಾತು ಎತ್ತಲಿಲ್ಲವಂತೆ. ಮುಹಿಯುದ್ದೀನ್ ಮತ್ತೆ ಫೋನ್ ಮಾಡಿದಾಗ ಬೀಫಾತಿಮ ತೆಗೆದುಕೊಳ್ಳಲಿಲ್ಲ. ಅಬುಧಾಬಿಯಲ್ಲಿ ಅವನಿಗೆ ಇನ್ನೊಂದು ಸಂಸಾರ ಇದೆ ಎಂದು ಓಣಿಯಲ್ಲಿ ಮಾತು ಶುರುವಾಗಿದೆ. ಬೆಂಕಿ ಇಲ್ಲದೆ ಹೊಗೆ ಇಲ್ಲ ಎನ್ನುತ್ತಾರೆ ನಮ್ಮ ಉಮ್ಮ. ನಿಜ ಗೊತ್ತಾದದ್ದು ಒಳ್ಳೆಯದೇ ಆಯಿತು, ಅಲ್ಲವೇ ಬಾಪಾ?

ಸೆಮಿನಾರ್ ಮುಂದೆ ಹೋಗುತ್ತಿದೆ. ಅಲ್ಲಿ ಗುಲಾಮಗಿರಿಯ ವಿಷಯಕ್ಕೆ ದೊಡ್ಡ ಯುದ್ಧವಾದ ಮೇಲೆ, 1868ರಲ್ಲಿ ಹೊಸ ತಿದ್ದುಪಡಿ ಬಂತು. ಕಾನೂನಿನ ಸರಿಯಾದ ಕ್ರಮವಿಲ್ಲದೆ ಯಾವ ರಾಜ್ಯವೂ ಯಾರ ಜೀವ, ಸ್ವಾತಂತ್ರ್ಯ, ಆಸ್ತಿಯನ್ನು ಕಸಿಯಬಾರದು ಎಂದು. ಇಷ್ಟು ಸ್ಪಷ್ಟವಾಗಿ ಬರೆದ ಮೇಲೆ ಮುಗಿಯಿತು ಎಂದುಕೊಂಡೆ. ಎಲ್ಲಿಯ ಮಾತು! ಕೋರ್ಟುಗಳು ಆ ಸಾಲನ್ನು ಓದಿ ಓದಿ ಬದಿಗಿಟ್ಟವು. ಒಂದೊಂದು ಹಕ್ಕೂ ಒಂದೊಂದು ಮೊಕದ್ದಮೆ ಹಿಡಿದು ಒಂದೊಂದಾಗಿ ರಾಜ್ಯಕ್ಕೆ ಇಳಿಯಬೇಕಾಯಿತು. ಮೊದಲು ಇಳಿದದ್ದು ಯಾವುದು ಗೊತ್ತೇ? ಆಸ್ತಿಯ ಹಕ್ಕು, 1897ರಲ್ಲಿ, ಒಂದು ರೈಲು ಕಂಪೆನಿಯ ಮೊಕದ್ದಮೆಯಲ್ಲಿ. ಮಾತಾಡುವ ಹಕ್ಕಿಗೆ 1925 ಆಯಿತು. ಅದರಲ್ಲೂ, ಈ ಹಕ್ಕು ರಾಜ್ಯದ ಎದುರೂ ಇದೆ ಎಂದು ಒಪ್ಪಿದ ಕೋರ್ಟು, ಕೇಳಲು ಬಂದವನ ಶಿಕ್ಷೆಯನ್ನು ಎತ್ತಿಹಿಡಿಯಿತು. ಅವನ ಹಿಂದೆ ಬಂದವರಿಗೆ ಉಪಯೋಗವಾಯಿತು, ಅವನಿಗಲ್ಲ.

ಶಾಹಿನ

---

ದೇರಾ
21 ಮಾರ್ಚ್ 2003, ಶುಕ್ರವಾರ

ಪ್ರೀತಿಯ ಶಾಹಿನ,

ಇರಾಕಿನಲ್ಲಿ ಯುದ್ಧ ಶುರುವಾಗಿದೆ. ನಾವು ಕ್ಷೇಮ. ಎಲ್ಲರೂ ಟಿವಿ ಮುಂದೆ. ಗಲಾಟೆ ತಣ್ಣಗಾಗುವವರೆಗೆ ಯಾರಿಗೂ ರಜೆ ಇಲ್ಲ ಎಂದು ಮ್ಯಾನೇಜರ್ ಬೋರ್ಡಿಗೆ ಕಾಗದ ಅಂಟಿಸಿದ್ದಾರೆ. ಟೈಪ್ ಮಾಡಿದವನು ನಾನು.

ಬೀಯಮ್ಮನವರ ಹತ್ತಿರ ಆ ಮಾತು ಹೇಳುವ ಅಗತ್ಯವಿರಲಿಲ್ಲ. ಕಾಯಿಲೆಯವರ ಹತ್ತಿರ ಯಾಕೆ ಹೇಳಲು ಹೋದೆ? ಇನ್ನು ಮುಂದೆ ಆ ಮನೆಯ ವಿಷಯ ನನಗೆ ಬರೆಯಬೇಡ.

ಬಾಪ

---

ಬಂದರು
10 ಏಪ್ರಿಲ್ 2003

ಬಾಪಾ,

ಬರೆಯಬೇಡ ಎಂದಿದ್ದೀರಿ. ಇದೊಂದು ಬರೆಯುತ್ತೇನೆ. ಬೀಯಮ್ಮ ಭಾನುವಾರ ಅಸರ್ ಹೊತ್ತಿಗೆ ತೀರಿಕೊಂಡರು. ಕೊನೆಯ ವಾರ ಮಗನ ಹೆಸರು ಎತ್ತಲಿಲ್ಲ. ಮಯ್ಯತ್ ಎತ್ತುವಾಗ ಮುಂದೆ ನಿಲ್ಲಲು ಮಗನಿಲ್ಲದೆ ಬೀಫಾತಿಮನ ತಮ್ಮ ಹೆಗಲು ಕೊಟ್ಟ. ಅಬುಧಾಬಿಗೆ ಸುದ್ದಿ ಮುಟ್ಟಿಸಿದ್ದೂ ಅವನೇ. ಬಂದ ಹೆಂಗಸರೆಲ್ಲ, ಇಂಥ ಮಗನನ್ನು ಹೆರುವ ಬದಲು ಕಲ್ಲು ಹೆರಬಹುದಿತ್ತು ಎಂದರು. ನಾನೂ ಹೌದು ಎಂದು ತಲೆಯಾಡಿಸಿದೆ.

ನನಗೆ ಅಳು ಬರುತ್ತಿಲ್ಲ. ಲೈಬ್ರರಿಗೆ ಹೋಗುತ್ತೇನೆ, ಬರೆಯುತ್ತೇನೆ, ಬರುತ್ತೇನೆ. ಸೆಮಿನಾರಿನ ಕೊನೆಯ ಭಾಗ ಒಬ್ಬ ಬಡ ಕೈದಿಯದು. ವಕೀಲನಿಲ್ಲದೆ ಶಿಕ್ಷೆಯಾದವನು. ಜೈಲಿನ ಕಾಗದದಲ್ಲಿ ಪೆನ್ಸಿಲಿನಿಂದ ಅರ್ಜಿ ಬರೆದು ದೇಶದ ಅತಿ ದೊಡ್ಡ ಕೋರ್ಟಿಗೆ ಕಳಿಸಿದ. ಅಲ್ಲಿ ಯಾರೋ ಒಬ್ಬ ಗುಮಾಸ್ತ ಪೆನ್ಸಿಲು ಎಂದು ಎಸೆಯದೆ ಅದನ್ನು ದಾಖಲಿಸಿಕೊಂಡಿರಬೇಕು. 1963ರಲ್ಲಿ ಗೆದ್ದ. ಅಂದಿನಿಂದ ಬಡವನಿಗೂ ವಕೀಲನನ್ನು ಕೊಡುವುದು ರಾಜ್ಯಗಳ ಕರ್ತವ್ಯವಾಯಿತು. ಆ ಗುಮಾಸ್ತನ ಹೆಸರು ಯಾವ ಪುಸ್ತಕದಲ್ಲೂ ಸಿಗಲಿಲ್ಲ. ಹುಡುಕಿದೆ.

ಶಾಹಿನ

---

ದೇರಾ
25 ಏಪ್ರಿಲ್ 2003, ಶುಕ್ರವಾರ

ಶಾಹಿನ,

ಇದರ ಜೊತೆ ಎರಡು ಕಾಗದ ಇವೆ. ಒಂದು ಮುಹಿಯುದ್ದೀನನ ಅರ್ಜಿ. ತಾರೀಕು ನೋಡು. ಇನ್ನೊಂದು ಫೆಬ್ರವರಿಯಲ್ಲಿ ನಿನಗೆ ಬರೆದು ಕಳಿಸದೆ ಇಟ್ಟದ್ದು. ಮೊದಲು ಅವೆರಡನ್ನು ಓದಿ ಆಮೇಲೆ ಇದನ್ನು ಓದು.

ಓದಿದೆಯಲ್ಲ. ತಾಯಿ ಇರಲಿಲ್ಲವೋ ಏನೋ ಎಂದು ನೀನು ಕೇಳಿದ ಮನುಷ್ಯ ನಾನು.

ಪೆನ್ಸಿಲಿನ ಕೈದಿಯ ಕತೆ ಬರೆದ ನಿನ್ನ ಕಾಗದ ಕೈಗೆ ಬಂದ ಮರುದಿನ, ನಿನ್ನೆ ಗುರುವಾರ, ಯಾರನ್ನೂ ಕೇಳದೆ ಕಪಾಟು ತೆಗೆದು ಅವನ ಪಾಸ್‌ಪೋರ್ಟ್ ಜೇಬಿಗೆ ಹಾಕಿಕೊಂಡು ಅಬುಧಾಬಿಯ ಬಸ್ಸು ಹಿಡಿದೆ. ಖಲೀಫಾ ಸಿಟಿಯಲ್ಲಿ ಒಂದು ವಿಲ್ಲಾದ ಅಡುಗೆಮನೆಗೆ ನೆಲ ಹಾಕುತ್ತಿದ್ದ. ಕೊಟ್ಟೆ. ನೋಡಿದ. "ಈಗ ಎಂತಕ್ಕೆ ಬಾವಾಕ? ಉಮ್ಮನನ್ನು ಮಣ್ಣು ಮಾಡಿ ಆಯ್ತಲ್ಲ" ಎಂದ. ಬೈಯುತ್ತಾನೆ ಎಂದುಕೊಂಡು ನಿಂತೇ ಇದ್ದೆ. "ಸ್ವಲ್ಪ ಬದಿಗೆ ನಿಲ್ಲಿ, ಸಿಮೆಂಟ್ ಗಟ್ಟಿಯಾಗ್ತದೆ" ಎಂದು ಪಾಸ್‌ಪೋರ್ಟನ್ನು ಟೈಲ್ಸಿನ ಪೆಟ್ಟಿಗೆಯ ಮೇಲಿಟ್ಟು ಕೆಲಸ ಮುಂದುವರಿಸಿದ. ಆ ಸಾಲು ಮುಗಿದ ಮೇಲೆ ಕೈ ತೊಳೆದು ಅದನ್ನು ಕರ್ಚೀಫಿನಲ್ಲಿ ಕಟ್ಟಿಕೊಂಡ. ಬೀಫಾತಿಮ ಫೋನ್ ಯಾಕೆ ತೆಗೆಯುವುದಿಲ್ಲ ಎಂದು ನನ್ನನ್ನೇ ಕೇಳಿದ. ನಾನು ಬಸ್ಸಿನ ಕಡೆ ನಡೆದೆ.

ಈ ಮೂರೂ ಕಾಗದಗಳನ್ನು ಬೀಫಾತಿಮನ ಮನೆಯಲ್ಲಿ ಓದು. ಓಣಿಯ ಹೆಂಗಸರೂ ಇರಲಿ. ನನ್ನ ಹೆಸರು ಬಿಡಬೇಡ, ಅದಕ್ಕೇ ಕೆಳಗೆ ಹೆಸರನ್ನೇ ಬರೆದಿದ್ದೇನೆ. ಬೀಯಮ್ಮನಿಗೆ ಹೇಳಲು ಇನ್ನು ದಾರಿಯಿಲ್ಲ.

ನಾಚಿಕೆಯಾಗುತ್ತದೆ ಮಗಳೇ. ತಡವಾಗಿ ಆಗುತ್ತಿದೆ, ಆದರೂ ಆಗುತ್ತಿದೆ.

ಬಾವ

---

ಕಾನೂನು ನೆರವು ಕೇಂದ್ರ, ಮಂಗಳೂರು
2 ಜೂನ್ 2003
ರಿಜಿಸ್ಟರ್ಡ್ ಅಂಚೆ

ಬೀಗದಕೈ ಇದ್ದವರಿಗೆ,
ದಾಖಲೆ ವಿಭಾಗ, ದೇರಾ, ದುಬಾಯಿ.

ಮಾನ್ಯರೇ,

ಬಂದರು ನಿವಾಸಿ ಬೀಫಾತಿಮ ಇವರ ಸೂಚನೆಯ ಮೇರೆಗೆ ಈ ನೋಟಿಸ್ ನೀಡಲಾಗಿದೆ. ಇವರ ಪತಿ ಮುಹಿಯುದ್ದೀನ್ ತಾ. 9-1-2003ರಂದು ತಮ್ಮ ಕೈಗೆ ರಜೆಯ ಅರ್ಜಿ ಸಲ್ಲಿಸಿದ್ದು, ತಾವು ಅದನ್ನು ದಾಖಲಿಸದೆ, ಅರ್ಜಿ ದಾಖಲಾಗಿಲ್ಲ ಎಂದು ತಿಳಿಸಿರುತ್ತೀರಿ. ಅದರಿಂದ ಅವರ ತಾಯಿ, ಮಗ ಬರಲು ಇಷ್ಟಪಡಲಿಲ್ಲ ಎಂಬ ತಿಳಿವಳಿಕೆಯಲ್ಲೇ ಮರಣ ಹೊಂದಿರುತ್ತಾರೆ. ಮುಹಿಯುದ್ದೀನ್ ಮೇ 2ರಂದು ಊರಿಗೆ ಬಂದು ತಾಯಿಯ ಕಬರನ್ನು ನೋಡಿರುತ್ತಾರೆ. ತಾವು ಕಳುಹಿಸಿದ ಮೂರು ಕಾಗದಗಳನ್ನು ಓಣಿಯವರ ಎದುರು ಗಟ್ಟಿಯಾಗಿ ಓದಲಾಗಿದೆ. ಓದಿದವರು ಈ ನೋಟಿಸಿನ ಕರಡು ಬರೆದವರೇ ಆಗಿರುತ್ತಾರೆ.

ತಮ್ಮ ವಶದಲ್ಲಿ ಇನ್ನೂ ಇನ್ನೂರ ಹನ್ನೊಂದು ಪಾಸ್‌ಪೋರ್ಟ್‌ಗಳಿವೆ ಎಂದು ತಮ್ಮ ಪತ್ರದಿಂದಲೇ ತಿಳಿದುಬರುತ್ತದೆ. ಸ್ವಂತ ಇಚ್ಛೆಯ ಫಾರಂ ಸಮರ್ಥನೆಯಾಗಲಾರದು. ಕೇಳಿದಾಗ ಹಿಂದಿರುಗಿ ಸಿಗದ ವಸ್ತುವನ್ನು ಯಾರೂ ಇಷ್ಟದಿಂದ ಇಟ್ಟಿರುವುದಿಲ್ಲ. ಈ ನೋಟಿಸ್ ತಲುಪಿದ ಹದಿನೈದು ದಿನಗಳೊಳಗೆ ಎಲ್ಲವನ್ನೂ ಅವರವರಿಗೆ ಹಿಂದಿರುಗಿಸತಕ್ಕದ್ದು. ತಪ್ಪಿದಲ್ಲಿ ಅಬುಧಾಬಿಯ ಭಾರತೀಯ ರಾಯಭಾರ ಕಚೇರಿಗೆ ದೂರು ಸಲ್ಲಿಸಲಾಗುವುದು.

ಚಂದ್ರಮತಿ, ವಕೀಲರು
ಕರಡು: ಶಾಹಿನ, ಅಂತಿಮ ಎಲ್‌ಎಲ್‌ಬಿ

---

ಖಲೀಫಾ ಸಿಟಿ, ಅಬುಧಾಬಿ
20 ಜೂನ್ 2003, ಶುಕ್ರವಾರ

ಶಾಹಿನ,

ನೋಟಿಸ್ ತಲುಪಿದೆ. ಪ್ಯಾಟ್ರಿಶಿಯಾ ಸಹಿ ಹಾಕಿ ತೆಗೆದುಕೊಂಡು ನನಗೆ ಕಳಿಸಿಕೊಟ್ಟಳು. ಅಕ್ಷರ ನಿನ್ನದು. ತಪ್ಪು ಒಂದೂ ಇಲ್ಲ, ಎರಡು ಸಲ ಓದಿದೆ. "ಮಾನ್ಯರೇ" ಎಂಬುದನ್ನು ಮೂರನೆಯ ಸಲವೂ ಓದಿದೆ.

ಬೀಗದಕೈ ಈಗ ನನ್ನ ಹತ್ತಿರ ಇಲ್ಲ. ಮುಹಿಯುದ್ದೀನನ ವಿಷಯ ಗೊತ್ತಾದ ದಿನವೇ ಮ್ಯಾನೇಜರ್ ತೆಗೆದುಕೊಂಡರು. ನನ್ನನ್ನು ಇಲ್ಲಿ ವಿಲ್ಲಾಗಳ ಸ್ಟೋರಿಗೆ ಹಾಕಿದ್ದಾರೆ. ಟೈಲ್ಸಿನ ಪೆಟ್ಟಿಗೆ ಇಳಿಸಿಕೊಳ್ಳುವುದು, ಒಡೆದದ್ದನ್ನು ಬೇರೆ ಇಡುವುದು. ಬಿಸಿಲು ಬಿಟ್ಟರೆ ಬೇರೆ ತೊಂದರೆಯಿಲ್ಲ. ಮೊನ್ನೆ ದೇರಾಕ್ಕೆ ಹೋಗಿ ನೋಟಿಸನ್ನು ಕಪಾಟಿನ ಹೊಸ ಗುಮಾಸ್ತನಿಗೆ ಕೊಟ್ಟೆ. ವಿನಯದ ಹುಡುಗ. ನಿಂತು ಓದಿದ. "ಇದು ಕನ್ನಡದಲ್ಲಿ ಉಂಟಲ್ಲ ಬಾವಾಕ, ಇಂಗ್ಲಿಷಿನಲ್ಲಿ ಬೇಕಿತ್ತು" ಎಂದು ಒಂದು ಫೈಲಿಗೆ ಹಾಕಿದ. ಆ ಫೈಲು ನನಗೆ ಗೊತ್ತು. ರಾಯಭಾರ ಕಚೇರಿಗೆ ದೂರು ಕಳಿಸು, ತಡ ಮಾಡಬೇಡ. ಅದನ್ನು ಇಂಗ್ಲಿಷಿನಲ್ಲಿ ಬರೆ.

ನಿನ್ನ ಅಮೆರಿಕದಲ್ಲಿ ಧಕ್ಕೆಯವನಿಂದ ಜೈಲಿನವನವರೆಗೆ ನೂರ ಮೂವತ್ತು ವರ್ಷವಾಯಿತು. ಇಲ್ಲಿ ಈವರೆಗೆ ಒಂದು ಪಾಸ್‌ಪೋರ್ಟ್ ಕಪಾಟಿನಿಂದ ಇಳಿದಿದೆ. ಉಳಿದ ಇನ್ನೂರ ಹನ್ನೊಂದರಲ್ಲಿ ನನ್ನದೂ ಇದೆ. ನೋಟಿಸಿನಲ್ಲಿ ನೀನು ಅದನ್ನು ಸೇರಿಸಿ ಬರೆದೆಯೋ, ಬರೇ ಲೆಕ್ಕ ಬರೆದೆಯೋ ಎಂದು ಯೋಚಿಸಿದೆ. ಅವನ ಪಾಸ್‌ಪೋರ್ಟ್ ತೆಗೆದ ದಿನ ನನ್ನದೂ ಕೈಗೆಟಕುವಲ್ಲೇ ಇತ್ತು. ತೆಗೆದುಕೊಳ್ಳಬೇಕೆಂದು ಹೊಳೆಯಲೇ ಇಲ್ಲ. ನನ್ನದು ನನ್ನ ಹತ್ತಿರವೇ ಇದೆ ಎಂಬಂತೆ ಇದ್ದೆ.

ಆಗಸ್ಟಿನ ರಜೆಗೆ, ಮೊನ್ನೆ ದೇರಾಕ್ಕೆ ಹೋದ ದಿನವೇ ಅರ್ಜಿ ಕೊಟ್ಟೆ. ಮ್ಯಾನೇಜರ್ ಬರಲಿ ಎಂದ ಹುಡುಗ. ದಾಖಲು ಪುಸ್ತಕ ಅವನ ಮೇಜಿನ ಮೇಲೆ ಇತ್ತು, ತೆರೆಯಲಿಲ್ಲ. ನಾನೂ ತೆರೆಯಲು ಹೇಳಲಿಲ್ಲ. ಅಲ್ಲಿ ಸ್ವಲ್ಪ ಹೊತ್ತು ನಿಂತು, ಬಸ್ಸಿಗೆ ಹೊತ್ತಾಯಿತೆಂದು ಬಂದೆ.

ನೀನು ಕಪ್ಪು ಕೋಟು ಹಾಕುವ ದಿನ ಬಾಪ ಎಲ್ಲಿ ಎಂದು ಯಾರಾದರೂ ಕೇಳಬಹುದು. ಬರಲು ಮನಸ್ಸಿರಲಿಲ್ಲ ಎನ್ನಬೇಡ. ಅರ್ಜಿ ಹಾಕಿದ್ದಾರೆ ಎಂದು ಹೇಳು. ಪೆನ್ನಿನಲ್ಲೇ ಬರೆದಿದ್ದೇನೆ.

ಬಾಪ